ಮ್ಯಾಕ್ರೊ ಒಳಗಿನ ತಪ್ಪಿಗೆ ಎರಡು ವಿಳಾಸ: ಅಸೆಂಬ್ಲರ್‌ನಲ್ಲಿ ಎರರ್, ವಾರ್ನಿಂಗ್‌ಗಳನ್ನು ಕಟ್ಟುವ ಸಮಗ್ರ ಮಾರ್ಗದರ್ಶಿ

ಮೊದಲು ಈ ನಾಲ್ಕು ಸಾಲು ನೋಡಿ. ರಿಸ್ಕ್-ಫೈವ್ ಪ್ರೊಸೆಸರ್‌ಗೆ ಬರೆದ ಮ್ಯಾಕ್ರೊ, ಅಂದರೆ ಹೆಸರಿಟ್ಟ ಸಾಲುಗಳ ಕಟ್ಟು. ಆ ಹೆಸರು ಹಿಡಿದು ಕರೆದಲ್ಲೆಲ್ಲ ಅಸೆಂಬ್ಲರ್ (ಇನ್‌ಸ್ಟ್ರಕ್ಷನ್‌ಗಳನ್ನು ಯಂತ್ರದ ಭಾಷೆಗೆ ತರುವ ಪ್ರೋಗ್ರಾಂ) ಆ ಸಾಲುಗಳನ್ನು ತಂದು ಸೇರಿಸುತ್ತದೆ; ಇದೇ ವಿಸ್ತರಣೆ. ಲಿಪಿಯನ್ನು ಮಾತ್ರ ಕನ್ನಡಕ್ಕೆ ತಂದಿದ್ದೇನೆ. ಫಂಕ್ಷನ್ ಶುರುವಾಗುವಾಗ ಸ್ಟ್ಯಾಕ್‌ನಲ್ಲಿ ಜಾಗ ಮಾಡಿಕೊಂಡು, ವಾಪಸ್ ಹೋಗಬೇಕಾದ ವಿಳಾಸವನ್ನು ಆ ಜಾಗದ ತುದಿಯಲ್ಲಿ ಇಡುವುದು ಇದರ ಕೆಲಸ. ಎಸ್‌ಪಿ ಸ್ಟ್ಯಾಕ್‌ನ ತುದಿಯನ್ನು, ಆರ್‌ಎ ವಾಪಸ್ ವಿಳಾಸವನ್ನು ಹಿಡಿದಿಡುವ ರಿಜಿಸ್ಟರ್; ಆಡ್‌ಐ ಕೂಡಿಸುತ್ತದೆ, ಎಸ್‌ಡಬ್ಲ್ಯು ಮೆಮೊರಿಗೆ ಬರೆಯುತ್ತದೆ. ಇದು ಸ್ಟ್ಯಾಕ್.ಇಂಕ್ ಎಂಬ ಫೈಲಿನಲ್ಲಿದೆ.

```
1  .ಮ್ಯಾಕ್ರೊ ಜಾಗ_ಕೊಡು ಗಾತ್ರ
2      ಆಡ್‌ಐ ಎಸ್‌ಪಿ, ಎಸ್‌ಪಿ, -\ಗಾತ್ರ
3      ಎಸ್‌ಡಬ್ಲ್ಯು ಆರ್‌ಎ, \ಗಾತ್ರ-4(ಎಸ್‌ಪಿ)
4  .ಎಂಡ್‌ಎಂ
```

ಮುಖ್ಯ.ಎಸ್ ಫೈಲಿನ 40ನೇ ಸಾಲಿನಲ್ಲಿ ಒಬ್ಬರು ‘ಜಾಗ_ಕೊಡು 4096’ ಎಂದು ಬರೆದರು ಅಂದುಕೊಳ್ಳಿ. ಆಡ್‌ಐ ಇನ್‌ಸ್ಟ್ರಕ್ಷನ್‌ನಲ್ಲಿ ಸಂಖ್ಯೆಗೆ ಇರುವುದು 12 ಬಿಟ್ ಜಾಗ. -2048ರಿಂದ 2047ರ ತನಕ ಮಾತ್ರ ಹಿಡಿಸುತ್ತದೆ. ಎಸ್‌ಡಬ್ಲ್ಯುಗೂ ಅದೇ ಮಿತಿ. ಹಾಗಾಗಿ ಎರಡನೇ ಸಾಲಿನ -4096 ಕೂಡ ತಪ್ಪು, ಮೂರನೇ ಸಾಲಿನ 4092 ಕೂಡ ತಪ್ಪು.

ಈ ತಪ್ಪು ಎಲ್ಲಿದೆ? ಅಸೆಂಬ್ಲರ್ ‘ಸ್ಟ್ಯಾಕ್.ಇಂಕ್, ಸಾಲು 2’ ಎಂದರೆ ಬಳಕೆದಾರರು ಆ ಸಾಲು ತೆಗೆದು ನೋಡುತ್ತಾರೆ. ಅಲ್ಲಿ 4096 ಎಂಬ ಸಂಖ್ಯೆಯೇ ಇಲ್ಲ. ‘ಮುಖ್ಯ.ಎಸ್, ಸಾಲು 40’ ಎಂದರೆ ಅಲ್ಲಿ ಆಡ್‌ಐ ಎಂಬ ಇನ್‌ಸ್ಟ್ರಕ್ಷನ್ನೇ ಇಲ್ಲ. ಎರಡು ವಿಳಾಸವೂ ನಿಜ, ಯಾವುದೊಂದೂ ಸಾಲದು. ಮ್ಯಾಕ್ರೊ ಒಳಗೆ ಹುಟ್ಟಿದ ಪ್ರತಿ ತಪ್ಪಿಗೂ ಬರೆದ ಜಾಗ, ಕರೆದ ಜಾಗ ಎಂದು ಎರಡು ವಿಳಾಸ ಇರುತ್ತವೆ. ಅಸೆಂಬ್ಲರ್ ಎರಡನ್ನೂ ಹೇಳಬೇಕು, ಮತ್ತು ಯಾರು ತಿದ್ದಬಲ್ಲರೋ ಅವರ ವಿಳಾಸವನ್ನು ಮೊದಲು ಹೇಳಬೇಕು. ಮುಂದೆ ಬರುವ ಹೆಜ್ಜೆಗಳೆಲ್ಲ ಇದನ್ನು ಸಾಧಿಸುವ ದಾರಿಗಳು. ಸ್ವಂತ ಅಸೆಂಬ್ಲರ್ ಬರೆಯುತ್ತಿರುವವರಿಗೆ, ಇರುವ ಅಸೆಂಬ್ಲರನ್ನು ತಿದ್ದುತ್ತಿರುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರಬೇಕು. ದಿನವೂ ಮ್ಯಾಕ್ರೊ ಬರೆಯುವವರಿಗೂ ಕೆಲವು ಹೆಜ್ಜೆಗಳು ಬೇಕಾಗುತ್ತವೆ.

ಹೆಜ್ಜೆ 1: ಪ್ರತಿ ಟೋಕನ್ ತನ್ನ ವಂಶಾವಳಿಯನ್ನು ಹೊತ್ತು ತರಲಿ

ಸಂದೇಶ ಹೇಗಿರಬೇಕು ಎಂದು ಯೋಚಿಸುವ ಮೊದಲು ಮಾಹಿತಿ ಕೈಯಲ್ಲಿರಬೇಕು. ಬಹಳಷ್ಟು ಅಸೆಂಬ್ಲರ್‌ಗಳು ಎಡವುವುದು ಇಲ್ಲೇ. ಮ್ಯಾಕ್ರೊ ವಿಸ್ತರಣೆ ಎಂದರೆ ಪಠ್ಯವನ್ನು ಪಠ್ಯಕ್ಕೆ ಅಂಟಿಸುವುದು ಎಂದುಕೊಂಡು, ಅಂಟಿಸಿದ ಪಠ್ಯವನ್ನು ಮತ್ತೆ ಮೊದಲಿನಿಂದ ಓದಿಸುತ್ತವೆ. ಅಷ್ಟು ಹೊತ್ತಿಗೆ ಯಾವ ಅಕ್ಷರ ಎಲ್ಲಿಂದ ಬಂತು ಎನ್ನುವುದು ಕಳೆದುಹೋಗಿರುತ್ತದೆ. ಆಮೇಲೆ ಎಷ್ಟೇ ಸಾಹಸಪಟ್ಟರೂ ಅದು ವಾಪಸ್ ಬರುವುದಿಲ್ಲ.

ಎರಡು ಪಟ್ಟಿ ಸಾಕು. ಒಂದು, ವಿಸ್ತರಣೆಗಳ ಪಟ್ಟಿ. ಮ್ಯಾಕ್ರೊವನ್ನು ಕರೆದಾಗಲೆಲ್ಲ ಅದಕ್ಕೊಂದು ಹೊಸ ದಾಖಲೆ ಸೇರಿಸಿ: ಮ್ಯಾಕ್ರೊ ಹೆಸರು, ಅದನ್ನು ಬರೆದ ಫೈಲು ಮತ್ತು ಸಾಲು, ಕರೆದ ಫೈಲು ಮತ್ತು ಸಾಲು, ಕರೆಯುವಾಗ ಕೊಟ್ಟ ಆರ್ಗ್ಯುಮೆಂಟ್‌ಗಳು (ನಮ್ಮ ಉದಾಹರಣೆಯ 4096ರಂಥವು), ಇದು ಇನ್ನೊಂದು ಮ್ಯಾಕ್ರೊ ಒಳಗಿಂದ ಬಂದ ಕರೆಯಾಗಿದ್ದರೆ ಆ ತಾಯಿ ದಾಖಲೆಯ ಸಂಖ್ಯೆ. ಎರಡು, ಟೋಕನ್‌ಗಳು, ಅಂದರೆ ಸಾಲನ್ನು ಒಡೆದಾಗ ಸಿಗುವ ಹೆಸರು, ಸಂಖ್ಯೆ, ಚಿಹ್ನೆಯಂಥ ತುಂಡುಗಳು. ಪ್ರತಿ ಟೋಕನ್‌ಗೂ ಅದನ್ನು ಕೈಯಿಂದ ಬರೆದ ಜಾಗ ಮತ್ತು ಅದು ಸೇರಿಕೊಂಡ ವಿಸ್ತರಣೆಯ ಸಂಖ್ಯೆ. ಎರಡನ್ನೂ 32 ಬಿಟ್‌ನ ಸೂಚ್ಯಂಕವಾಗಿ ಇಟ್ಟರೆ ಟೋಕನ್‌ಗೆ 8 ಬೈಟ್ ಹೆಚ್ಚಾಗುತ್ತದೆ, ಅಷ್ಟೇ. ಇಂದಿನ ಕಂಪ್ಯೂಟರ್‌ನಲ್ಲಿ ಇದಕ್ಕಾಗಿ ಕೈ ಬಿಗಿಹಿಡಿಯಬೇಕಿಲ್ಲ.

ಗಮನಿಸಬೇಕಾದ ಸೂಕ್ಷ್ಮ ಒಂದಿದೆ. ವಿಸ್ತರಿಸಿದ ‘ಆಡ್‌ಐ ಎಸ್‌ಪಿ, ಎಸ್‌ಪಿ, -4096’ ಎಂಬ ಸಾಲಿನಲ್ಲಿ ಮೈನಸ್ ಚಿಹ್ನೆಯ ತನಕ ಎಲ್ಲವೂ ಸ್ಟ್ಯಾಕ್.ಇಂಕ್‌ನಲ್ಲಿ ಹುಟ್ಟಿದ್ದು, 4096 ಮಾತ್ರ ಮುಖ್ಯ.ಎಸ್‌ನಲ್ಲಿ ಹುಟ್ಟಿದ್ದು. ಒಂದೇ ಸಾಲಿನ ಅಕ್ಕಪಕ್ಕದ ಎರಡು ಟೋಕನ್‌ಗಳ ಊರು ಬೇರೆ ಬೇರೆ. ಆದ್ದರಿಂದ ವಿಳಾಸವನ್ನು ಸಾಲಿಗೆ ಅಂಟಿಸಿದರೆ ಸಾಲದು, ಟೋಕನ್‌ಗೇ ಅಂಟಿಸಬೇಕು. ‘ತಪ್ಪು ಒಡಲಿನದೋ (ಮ್ಯಾಕ್ರೊ ಒಳಗೆ ಬರೆದ ಸಾಲುಗಳದೋ), ಆರ್ಗ್ಯುಮೆಂಟಿನದೋ’ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಇದರಿಂದಲೇ.

ನಿಮ್ಮ ಅಸೆಂಬ್ಲರ್ ಸಾಲು ಸಾಲಾಗಿ ಪಠ್ಯವನ್ನೇ ಓದುವ ಹಳೆಯ ಬಗೆಯದಾಗಿದ್ದರೆ ಎಲ್ಲವನ್ನೂ ಕೆಡವಿ ಕಟ್ಟಬೇಕೆಂದಿಲ್ಲ. ವಿಸ್ತರಿಸಿದ ಪ್ರತಿ ಸಾಲಿನ ಜೊತೆ ಒಂದು ಚಿಕ್ಕ ನಕ್ಷೆ ಇಡಿ: ಇಷ್ಟನೇ ಅಕ್ಷರದಿಂದ ಇಷ್ಟನೇ ಅಕ್ಷರದವರೆಗೆ ಒಡಲು, ಅಲ್ಲಿಂದ ಮುಂದೆ ಮೊದಲನೇ ಆರ್ಗ್ಯುಮೆಂಟು, ಹೀಗೆ.

ಹೆಜ್ಜೆ 2: ಸಂದೇಶದ ತಲೆಸಾಲು ಯಾವುದು ಎಂದು ನಿರ್ಧರಿಸಿ

ಇರುವ ಅಸೆಂಬ್ಲರ್‌ಗಳು ಏನು ಮಾಡುತ್ತವೆ ಎಂದು ಒಮ್ಮೆ ನೋಡೋಣ. ಲ್ಯಾಬ್‌ನಲ್ಲಿ 8086ಕ್ಕೆ ಮ್ಯಾಸಮ್ ಬಳಸಿದವರಿಗೆ ‘ಮ್ಯಾಕ್ರೊ ಕಾಲ್ಡ್ ಫ್ರಂ’, ‘ಮೇನ್ ಲೈನ್ ಕೋಡ್’ ಎಂಬ ಸಾಲುಗಳು ನೆನಪಿರಬಹುದು. ಎರರ್‌ನ ಕೆಳಗೆ ಒಂದೊಂದೇ ಮೆಟ್ಟಿಲು ಇಳಿದು ಕೊನೆಗೆ ನೀವು ಬರೆದ ಸಾಲಿಗೆ ತಂದು ನಿಲ್ಲಿಸುತ್ತಿತ್ತು. ಎಲ್‌ಎಲ್‌ವಿಎಂ ಅಸೆಂಬ್ಲರ್ ತಲೆಸಾಲಿನಲ್ಲಿ ಫೈಲಿನ ಹೆಸರಿನ ಬದಲು ‘ಇನ್‌ಸ್ಟ್ಯಾನ್ಷಿಯೇಶನ್’ ಎಂಬ ಕಾಲ್ಪನಿಕ ಹೆಸರು ಹಾಕಿ, ವಿಸ್ತರಿಸಿದ ಸಾಲನ್ನು ತೋರಿಸಿ, ಕೆಳಗೆ ಟಿಪ್ಪಣಿಯಾಗಿ ಕರೆದ ಜಾಗವನ್ನು ಕೊಡುತ್ತದೆ. ಮಾಹಿತಿ ಒಳ್ಳೆಯದೇ, ಆದರೆ ಆ ಕಾಲ್ಪನಿಕ ಹೆಸರಿನ ಮೇಲೆ ಎಡಿಟರ್‌ನಲ್ಲಿ ಕ್ಲಿಕ್ ಮಾಡಿದರೆ ಎಲ್ಲಿಗೂ ಹೋಗುವುದಿಲ್ಲ. ಗ್ನೂ ಅಸೆಂಬ್ಲರ್ ಬಹಳ ಕಾಲ ಕರೆದ ಸಾಲನ್ನಷ್ಟೇ ಹೇಳುತ್ತಿತ್ತು; ಈಗಿನ ಆವೃತ್ತಿಗಳು ಮ್ಯಾಕ್ರೊವನ್ನು ಎಲ್ಲಿಂದ ಕರೆಯಲಾಯಿತು ಎಂಬ ಸಾಲನ್ನೂ ಸೇರಿಸುತ್ತವೆ.

ನನ್ನ ಅನುಭವದಲ್ಲಿ ನಿಂತಿರುವ ನಿಯಮ ಇದು:

ತಪ್ಪಿಗೆ ಕಾರಣವಾದ ಟೋಕನ್ ಆರ್ಗ್ಯುಮೆಂಟಿನಿಂದ ಬಂದಿದ್ದರೆ, ತಲೆಸಾಲಿನಲ್ಲಿ ಕರೆದ ಜಾಗ. ಟೋಕನ್ ಒಡಲಿನದೇ ಆಗಿದ್ದರೆ, ಉದಾಹರಣೆಗೆ ಇನ್‌ಸ್ಟ್ರಕ್ಷನ್ ಹೆಸರನ್ನೇ ತಪ್ಪಾಗಿ ಬರೆದಿದ್ದರೆ, ತಲೆಸಾಲಿನಲ್ಲಿ ಒಡಲಿನ ಜಾಗ. ಆರ್ಗ್ಯುಮೆಂಟುಗಳ ಲೆಕ್ಕ ತಪ್ಪಿದ್ದರೆ ಕರೆದ ಜಾಗ. ಎರಡೂ ಕಡೆಯ ಟೋಕನ್ ಸೇರಿ ತಪ್ಪಾಗಿದ್ದರೆ, ಆರ್ಗ್ಯುಮೆಂಟ್ ಕೊಟ್ಟವರ ಕಡೆಗೆ ವಾಲಿ. ಮ್ಯಾಕ್ರೊ ಸಾಮಾನ್ಯವಾಗಿ ಹತ್ತು ಕಡೆ ಸರಿಯಾಗಿ ಓಡಿರುತ್ತದೆ, ಹೊಸದಾಗಿ ಬಂದದ್ದು ಕರೆ.

ನಮ್ಮ ಉದಾಹರಣೆಗೆ ಇದನ್ನು ಹಚ್ಚಿದರೆ ಸಂದೇಶ ಹೀಗಾಗುತ್ತದೆ:

```
ಮುಖ್ಯ.ಎಸ್:40: ಎರರ್: -4096 ಆಡ್‌ಐಗೆ ಹಿಡಿಸುವುದಿಲ್ಲ, ಮಿತಿ -2048ರಿಂದ 2047
      ಜಾಗ_ಕೊಡು 4096
ಸ್ಟ್ಯಾಕ್.ಇಂಕ್:2: ಟಿಪ್ಪಣಿ: ‘ಜಾಗ_ಕೊಡು’ ಮ್ಯಾಕ್ರೊದ ಈ ಸಾಲಿನಲ್ಲಿ
      ಆಡ್‌ಐ ಎಸ್‌ಪಿ, ಎಸ್‌ಪಿ, -\ಗಾತ್ರ
   ವಿಸ್ತರಿಸಿದಾಗ: ಆಡ್‌ಐ ಎಸ್‌ಪಿ, ಎಸ್‌ಪಿ, -4096
```

ಬರೆದದ್ದು, ಕರೆದದ್ದು, ವಿಸ್ತರಿಸಿದಾಗ ಆದದ್ದು, ಮೂರೂ ಇವೆ. ಫೈಲು, ಕೋಲನ್, ಸಾಲು ಎಂಬ ಕ್ರಮವನ್ನು ಮುರಿಯಬೇಡಿ; ವಿಮ್, ಇಮ್ಯಾಕ್ಸ್‌ನಂತಹ ಎಡಿಟರ್‌ಗಳು ಆ ಕ್ರಮವನ್ನು ನೋಡಿಯೇ ಜಾಗಕ್ಕೆ ಹಾರುತ್ತವೆ. ಮಿತಿ ಎಷ್ಟು, ಬಂದದ್ದು ಎಷ್ಟು ಎಂಬುದು ಸಂದೇಶದಲ್ಲೇ ಇರಲಿ. ಇದೇ ಸಾಲಿಗೆ ಗ್ನೂ ಅಸೆಂಬ್ಲರ್ ‘ಇಲ್ಲೀಗಲ್ ಆಪರಾಂಡ್ಸ್’ ಎಂದಷ್ಟೇ ಹೇಳುತ್ತದೆ; ಎಲ್‌ಎಲ್‌ವಿಎಂ -2048, 2047 ಎಂದು ಮಿತಿಯನ್ನೇ ಬರೆಯುತ್ತದೆ. ಮೊದಲನೆಯದನ್ನು ಓದಿದವರು ಮ್ಯಾನ್ಯುಯಲ್ ತೆಗೆಯಬೇಕು, ಎರಡನೆಯದನ್ನು ಓದಿದವರು ಸಾಲು ತಿದ್ದಿ ಮುಂದೆ ಹೋಗಬಹುದು.

ಕನ್ನಡದಲ್ಲಿ ಕಾಮೆಂಟ್ ಬರೆಯುವವರಿಗೆ ಸಂಬಂಧಿಸಿದ ಒಂದು ಮಾತು. ತಪ್ಪಿನ ಕೆಳಗೆ ಬಾಣದ ಗುರುತು ಹಾಕುವಾಗ ಕಾಲಮ್ಮನ್ನು ಬೈಟ್‌ಗಳಲ್ಲಿ ಎಣಿಸಿದರೆ ಗುರುತು ಎಲ್ಲೋ ಬಲಕ್ಕೆ ಹೋಗಿ ಬೀಳುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ‘ಸ್ಟ್ಯಾ’ ಎಂಬ ಒಂದೇ ಒತ್ತಕ್ಷರದಲ್ಲಿ ಅಂತಹ ಆರು ಸಂಕೇತಗಳಿವೆ, ಅಂದರೆ 18 ಬೈಟ್. ಪರದೆಯ ಮೇಲೆ ಅದು ಎಷ್ಟು ಅಗಲ ಹಿಡಿಯುತ್ತದೆ ಎನ್ನುವುದು ಟರ್ಮಿನಲ್‌ಗೆ ಬಿಟ್ಟದ್ದು. ಬಾಣಕ್ಕಿಂತ ತಪ್ಪಿದ ಟೋಕನನ್ನೇ ಉದ್ಧರಿಸಿ ತೋರಿಸುವುದು ನಮ್ಮ ಭಾಷೆಗಳಿಗೆ ಹೆಚ್ಚು ನಂಬಿಕೆಯ ದಾರಿ.

ಹೆಜ್ಜೆ 3: ಸದ್ದಿಲ್ಲದ ತಪ್ಪಿಗೆ ವಾರ್ನಿಂಗ್ ಕೊಡಿ

ಈ ಹೆಜ್ಜೆಯ ಬಗ್ಗೆ ನನಗೆ ಹೆಚ್ಚು ಹೇಳಲಿಕ್ಕಿದೆ. ಎರರ್ ಬಂದರೆ ಕೆಲಸ ನಿಲ್ಲುತ್ತದೆ, ಯಾರಾದರೂ ನೋಡುತ್ತಾರೆ. ಎರರ್ ಬರಬೇಕಾದಲ್ಲಿ ಏನೂ ಬರದೆ ಹೋದಾಗ ಆಗುವ ನಷ್ಟ ದೊಡ್ಡದು.

ಅದೇ ಮ್ಯಾಕ್ರೊವನ್ನು ‘ಜಾಗ_ಕೊಡು 16+16’ ಎಂದು ಕರೆಯಿರಿ. ಬರೆದವರ ಮನಸ್ಸಿನಲ್ಲಿ 32 ಬೈಟ್ ಜಾಗ ಇದೆ. ಎರಡನೇ ಸಾಲು ವಿಸ್ತರಣೆಯಾದಾಗ ‘-16+16’ ಆಗುತ್ತದೆ. ಮೈನಸ್ ಮೊದಲ 16ಕ್ಕೆ ಮಾತ್ರ ಅಂಟಿಕೊಂಡು ಉತ್ತರ ಸೊನ್ನೆ. ಸ್ಟ್ಯಾಕ್ ಒಂದು ಬೈಟೂ ಕದಲುವುದಿಲ್ಲ. ಮೂರನೇ ಸಾಲು ‘16+16-4’, ಅಂದರೆ 28. ವಾಪಸ್ ವಿಳಾಸವನ್ನು ನಮ್ಮದಲ್ಲದ, ನಮ್ಮನ್ನು ಕರೆದ ಫಂಕ್ಷನ್ನಿನ ಜಾಗದಲ್ಲಿ ಬರೆದುಬಿಡುತ್ತದೆ. ಎರಡೂ ಸಾಲು ಮಿತಿಯೊಳಗೇ ಇವೆ. ಅಸೆಂಬ್ಲರ್ ತೃಪ್ತಿಯಿಂದ ಫೈಲು ಕೊಡುತ್ತದೆ.

ಹಿಂದೆ ನಾನಿದ್ದ ಒಂದು ತಂಡದಲ್ಲಿ ಹೀಗೇ ಆಗಿತ್ತು. ಬೋರ್ಡು ಕೆಲವು ಗಂಟೆ ಚೆನ್ನಾಗಿ ನಡೆದು ಆಮೇಲೆ ಯಾವುದೋ ಸಂಬಂಧವಿಲ್ಲದ ಫಂಕ್ಷನ್‌ನಲ್ಲಿ ನಿಲ್ಲುತ್ತಿತ್ತು. ನಿಂತ ಜಾಗಕ್ಕೂ ತಪ್ಪಿದ ಜಾಗಕ್ಕೂ ಸಂಬಂಧವಿರಲಿಲ್ಲ. ಎರಡು ದಿನ ಹಾರ್ಡ್‌ವೇರ್ ಮೇಲೆ ಅನುಮಾನಪಟ್ಟೆವು. ಕೊನೆಗೆ ವಿಸ್ತರಿಸಿದ ಲಿಸ್ಟಿಂಗ್ ಮುದ್ರಿಸಿ ಸಾಲು ಸಾಲಾಗಿ ಓದುವಾಗ ಜೊತೆಗಿದ್ದವರೊಬ್ಬರು ‘ಸ್ಟ್ಯಾಕ್‌ಗೆ ಸೊನ್ನೆ ಯಾಕೆ ಕೂಡಿಸ್ತಿದೀವಿ?’ ಎಂದು ಕೇಳಿದರು. ಆ ಪ್ರಶ್ನೆಯನ್ನು ಅಸೆಂಬ್ಲರ್ ಮೊದಲ ದಿನವೇ ಕೇಳಬಹುದಿತ್ತು.

ಕೇಳಿಸುವುದು ಹೇಗೆ? ಮೊದಲ ಹೆಜ್ಜೆಯ ವಂಶಾವಳಿ ಇದ್ದರೆ ಸುಲಭ. ಎಕ್ಸ್‌ಪ್ರೆಶನ್ ಪಾರ್ಸ್ ಮಾಡುವಾಗ, ಅಂದರೆ ಲೆಕ್ಕದ ಕ್ರಮವನ್ನು ಮರದ ರೂಪದಲ್ಲಿ ಜೋಡಿಸುವಾಗ, ಒಂದು ಆರ್ಗ್ಯುಮೆಂಟಿನಿಂದ ಬಂದ ಟೋಕನ್‌ಗಳು ಒಂದೇ ಉಪವೃಕ್ಷದೊಳಗೆ ಒಟ್ಟಿಗೆ ಕೂತಿವೆಯೇ ಎಂದು ನೋಡಿ. ಇಲ್ಲಿ ಮೊದಲ 16 ಮೈನಸ್‌ನ ಕೆಳಗೆ ಹೋಯಿತು, ‘+16’ ಹೊರಗೆ ಉಳಿಯಿತು. ಒಂದೇ ಆರ್ಗ್ಯುಮೆಂಟ್ ಒಡಲಿನ ಆಪರೇಟರ್‌ನಿಂದ ಎರಡು ತುಂಡಾಯಿತು ಎಂದರೆ ವಾರ್ನಿಂಗ್ ಕೊಡಿ. ತಲೆಸಾಲಿಗೆ ಒಡಲಿನ ಜಾಗವನ್ನೇ ಹಾಕಿ, ಏಕೆಂದರೆ ಶಾಶ್ವತ ಪರಿಹಾರ ಇರುವುದು ಅಲ್ಲಿ: ‘-\ಗಾತ್ರ’ ಇದ್ದದ್ದನ್ನು ‘-(\ಗಾತ್ರ)’ ಎಂದು ತಿದ್ದುವುದು. ಕರೆದ ಜಾಗ ಟಿಪ್ಪಣಿಯಲ್ಲಿ ಬರಲಿ. ಮೂರನೇ ಸಾಲಿನಲ್ಲೂ ‘16+16-4’ ಇದೆ, ಆದರೆ ಅಲ್ಲಿ 16+16 ಒಟ್ಟಿಗೇ ಕೂಡಿಕೊಂಡು ಆಮೇಲೆ 4 ಕಳೆಯುವುದರಿಂದ ತುಂಡಾಗಿಲ್ಲ. ಅಲ್ಲಿ ವಾರ್ನಿಂಗ್ ಬರಬಾರದು. ಸುಳ್ಳು ಎಚ್ಚರಿಕೆ ನಾಲ್ಕು ಸಲ ಬಂದರೆ ಐದನೆಯ ನಿಜವಾದ ಎಚ್ಚರಿಕೆಯನ್ನು ಯಾರೂ ಓದುವುದಿಲ್ಲ.

ಸದ್ದಿಲ್ಲದ ತಪ್ಪುಗಳಲ್ಲಿ ಇನ್ನೊಂದು ಬಗೆ ಹೆಸರು ತಪ್ಪುವುದು. ನ್ಯಾಸಮ್ ಎಂಬ ಅಸೆಂಬ್ಲರ್‌ನಲ್ಲಿ ಲೇಬಲ್ಲಿಗೆ, ಅಂದರೆ ಕೋಡಿನ ಒಂದು ಜಾಗಕ್ಕೆ ಇಟ್ಟ ಹೆಸರಿಗೆ, ಕೋಲನ್ ಕಡ್ಡಾಯವಲ್ಲ. ಆದ್ದರಿಂದ ಆರ್ಗ್ಯುಮೆಂಟ್ ಇಲ್ಲದ ಮ್ಯಾಕ್ರೊ ಹೆಸರನ್ನು ತಪ್ಪಾಗಿ ಬರೆದರೆ ಅದು ಹೊಸ ಲೇಬಲ್ ಆಗಿ ಕೂತುಬಿಡುತ್ತದೆ. ಅದರ ಮ್ಯಾನ್ಯುಯಲ್ಲೇ ಈ ಅಪಾಯವನ್ನು ಹೇಳುತ್ತದೆ: ‘ಲಾಡ್‌ಎಸ್‌ಬಿ’ ಎಂಬ ಇನ್‌ಸ್ಟ್ರಕ್ಷನ್ ಬರೆಯಲು ಹೋಗಿ ‘ಲಾಡ್‌ಎಬಿ’ ಎಂದರೆ ಏನೂ ಮಾಡದ ಒಂದು ಲೇಬಲ್ ಹುಟ್ಟುತ್ತದೆ. ಅದಕ್ಕೇ ಕೋಲನ್ ಇಲ್ಲದೆ ಒಂಟಿಯಾಗಿ ನಿಂತ ಲೇಬಲ್‌ಗೆ ನ್ಯಾಸಮ್ ತಾನಾಗಿಯೇ ವಾರ್ನಿಂಗ್ ಕೊಡುತ್ತದೆ. ನಿಮ್ಮ ಭಾಷೆಯ ವ್ಯಾಕರಣ ಹೊಸದಾಗಿದ್ದರೆ ಕೋಲನ್ ಕಡ್ಡಾಯ ಮಾಡಿ. ಆಗ ಈ ವಾರ್ನಿಂಗಿನ ಅಗತ್ಯವೇ ಬರುವುದಿಲ್ಲ.

ಹೆಜ್ಜೆ 4: ಯಾವ ಹಂತದಲ್ಲಿ ಹಿಡಿಯಬಹುದೋ ಆ ಹಂತದಲ್ಲೇ ಹಿಡಿಯಿರಿ

ಮ್ಯಾಕ್ರೊ ಬರೆದ ಕ್ಷಣದಲ್ಲೇ ಕೆಲವು ತಪ್ಪು ಗೊತ್ತಾಗುತ್ತವೆ. ಒಂದೇ ಪ್ಯಾರಾಮೀಟರ್ ಹೆಸರು ಎರಡು ಸಲ ಬಂದಿರುವುದು, ಒಡಲಿನಲ್ಲಿ ‘\ಗಾತ್ರ’ ಬದಲು ‘\ಗಾತೃ’ ಎಂದಿರುವುದು. ಇವನ್ನು ಮ್ಯಾಕ್ರೊವನ್ನು ಯಾರೋ ಕರೆಯುವ ತನಕ ಕಾಯಿಸಬೇಡಿ. ಕರೆದವರ ತಲೆಗೆ ಬರೆದವರ ತಪ್ಪು ಬೀಳುತ್ತದೆ. ಮುಚ್ಚದೇ ಬಿಟ್ಟ ಮ್ಯಾಕ್ರೊ ಕೂಡ ಈ ಸಾಲಿನದೇ. ‘.ಎಂಡ್‌ಎಂ’ ಮರೆತರೆ ಫೈಲು ಮುಗಿಯುವ ತನಕ ಎಲ್ಲವೂ ಒಡಲಾಗುತ್ತದೆ. ಆಗ ಫೈಲಿನ ಕೊನೆಯ ಸಾಲನ್ನು ತೋರಿಸಿದರೆ ಪ್ರಯೋಜನವಿಲ್ಲ, ತೆರೆದ ಸಾಲನ್ನು ತೋರಿಸಿ.

ಕರೆದಾಗ ಗೊತ್ತಾಗುವುದು ಆರ್ಗ್ಯುಮೆಂಟುಗಳ ಲೆಕ್ಕ. ‘ಎರಡು ಬೇಕಿತ್ತು, ಮೂರು ಬಂತು’ ಎಂದು ಹೇಳಿ, ಮ್ಯಾಕ್ರೊದ ಮೊದಲ ಸಾಲನ್ನು ಟಿಪ್ಪಣಿಯಲ್ಲಿ ಕೊಡಿ. ಒಂದೇ ಹೆಸರಿಗೆ ಬೇರೆ ಬೇರೆ ಲೆಕ್ಕದ ಮ್ಯಾಕ್ರೊಗಳನ್ನು ಬಿಡುವ ನ್ಯಾಸಮ್‌ನಂತಹ ಅಸೆಂಬ್ಲರ್‌ಗಳಲ್ಲಿ ‘ಈ ಹೆಸರಿನ ಮ್ಯಾಕ್ರೊ ಇದೆ, ಆದರೆ ಇಷ್ಟು ಪ್ಯಾರಾಮೀಟರ್ ತೆಗೆದುಕೊಳ್ಳುವುದಿಲ್ಲ’ ಎಂಬ ಸಂದೇಶ ಬರುತ್ತದೆ. ಅಂಥಲ್ಲಿ ಇರುವ ರೂಪಗಳೆಲ್ಲವನ್ನೂ ಪಟ್ಟಿ ಮಾಡಿ.

ಎಲ್ಲಕ್ಕಿಂತ ತಡವಾಗಿ ಗೊತ್ತಾಗುವವು ದೂರದ ತಪ್ಪುಗಳು. ರಿಸ್ಕ್-ಫೈವ್‌ನ ಷರತ್ತಿನ ಬ್ರಾಂಚ್ ಹಿಂದೆ ಮುಂದೆ ಸುಮಾರು 4 ಕಿಲೋಬೈಟ್ ಮಾತ್ರ ಹಾರಬಲ್ಲದು. ಲೇಬಲ್ ಎಷ್ಟು ದೂರ ಇದೆ ಎಂಬುದು ಇಡೀ ಫೈಲು ಓದಿ ಮುಗಿದ ಮೇಲೆ ತಿಳಿಯುತ್ತದೆ. ಅಷ್ಟರಲ್ಲಿ ಮ್ಯಾಕ್ರೊ ವಿಸ್ತರಣೆ ಮುಗಿದು, ಅದರ ದಾಖಲೆಯನ್ನು ಮೆಮೊರಿಯಿಂದ ಬಿಡುಗಡೆ ಮಾಡಿದ್ದರೆ ಸಂದೇಶಕ್ಕೆ ವಿಳಾಸವೇ ಇರುವುದಿಲ್ಲ. ನಾನು ನೋಡಿದ ಸಣ್ಣ ಅಸೆಂಬ್ಲರ್‌ಗಳಲ್ಲಿ ಪದೇ ಪದೇ ಕಾಣುವ ದೋಷ ಇದು: ಬ್ರಾಂಚ್ ತಪ್ಪು ಬಂದಾಗಲೆಲ್ಲ ಫೈಲಿನ ಕೊನೆಯ ಸಾಲಿಗೆ ಬೊಟ್ಟು ಮಾಡುವುದು. ಪರಿಹಾರ ಸರಳ. ಆಮೇಲೆ ತುಂಬಬೇಕಾದ ಪ್ರತಿ ಜಾಗದ ದಾಖಲೆಯಲ್ಲೂ ಟೋಕನ್ನಿನ ವಿಳಾಸವನ್ನು ನಕಲಿಸಿ ಇಡಿ. ವಿಸ್ತರಣೆಗಳ ಪಟ್ಟಿಯನ್ನು ಕೊನೆಯ ಸಂದೇಶ ಹೊರಬೀಳುವ ತನಕ ಅಳಿಸಬೇಡಿ.

ಹೆಜ್ಜೆ 5: ಲೇಬಲ್‌ಗಳಿಗೆ ಬರೆದವರ ಹೆಸರನ್ನೇ ಹೇಳಿ

ದೂರ.ಇಂಕ್ ಎಂಬ ಫೈಲಿನ ಮ್ಯಾಕ್ರೊ ಒಳಗೆ ಒಂದು ಲೂಪ್ ಇದೆ, ಅದಕ್ಕೆ ‘ತಿರುಗು:’ ಎಂಬ ಸಾಮಾನ್ಯ ಲೇಬಲ್. ಮೊದಲ ಕರೆ ಸರಿ. ಎರಡನೇ ಕರೆಗೆ ‘ತಿರುಗು ಈಗಾಗಲೇ ಇದೆ’ ಎಂಬ ಎರರ್. ವಿಸ್ತರಣೆಯ ಮಾಹಿತಿ ಇಲ್ಲದ ಅಸೆಂಬ್ಲರ್ ‘5ನೇ ಸಾಲಿನಲ್ಲಿ ಮತ್ತೆ ಬಂದಿದೆ, ಮೊದಲು ಬಂದದ್ದು 5ನೇ ಸಾಲಿನಲ್ಲಿ’ ಎನ್ನುತ್ತದೆ. ಹೊಸಬರು ಇದನ್ನು ಓದಿ ತಲೆ ಕೆಡಿಸಿಕೊಳ್ಳುವುದನ್ನು ನೋಡಿದ್ದೇನೆ. ಹೇಳಬೇಕಾದದ್ದು ಹೀಗೆ:

```
ದೂರ.ಇಂಕ್:5: ಎರರ್: ‘ತಿರುಗು’ ಲೇಬಲ್ ಎರಡನೇ ಸಲ ಹುಟ್ಟಿದೆ
ಮುಖ್ಯ.ಎಸ್:55: ಟಿಪ್ಪಣಿ: ಈ ಸಲ ಇಲ್ಲಿಂದ ಕರೆದದ್ದರಿಂದ
ಮುಖ್ಯ.ಎಸ್:50: ಟಿಪ್ಪಣಿ: ಮೊದಲ ಸಲ ಇಲ್ಲಿಂದ ಕರೆದಾಗ
   ಮ್ಯಾಕ್ರೊ ಒಳಗಿನ ಲೇಬಲ್ ಆಗಿದ್ದರೆ ಅದನ್ನು ಲೋಕಲ್ ಮಾಡಿ
```

ಲೋಕಲ್ ಮಾಡಿದ ಮೇಲೆ, ಅಂದರೆ ಲೇಬಲ್ ಆಯಾ ವಿಸ್ತರಣೆಗಷ್ಟೇ ಸೇರುವಂತೆ ಮಾಡಿದ ಮೇಲೆ, ಬರುವ ತೊಡಕು ಬೇರೆ. ಅಸೆಂಬ್ಲರ್ ಒಳಗೊಳಗೆ ಹೊಸ ಹೆಸರು ಸೃಷ್ಟಿಸುತ್ತದೆ: ಮ್ಯಾಸಮ್ ಎರಡು ಪ್ರಶ್ನೆಚಿಹ್ನೆಯ ಮುಂದೆ ‘0000’ದಿಂದ ಶುರುವಾಗುವ ಸಂಖ್ಯೆ ಹಾಕುತ್ತದೆ, ನ್ಯಾಸಮ್ ಎರಡು ಚುಕ್ಕಿ, ಅಟ್ ಚಿಹ್ನೆ, ಒಂದು ಸಂಖ್ಯೆ, ಆಮೇಲೆ ಮೂಲ ಹೆಸರು. ಈ ಯಂತ್ರದ ಹೆಸರು ಎರರ್ ಸಂದೇಶಕ್ಕೆ ಸೋರಬಾರದು. ‘ತಿರುಗು, ಈ ಮ್ಯಾಕ್ರೊದ 17ನೇ ವಿಸ್ತರಣೆಯಲ್ಲಿ’ ಎಂದು ಬರೆದವರು ಗುರುತಿಸುವ ಹೆಸರಿನಲ್ಲೇ ಮಾತಾಡಲಿ.

ಹೆಜ್ಜೆ 6: ಮ್ಯಾಕ್ರೊ ಬರೆದವರಿಗೂ ಮಾತಾಡಲು ಬಿಡಿ

12 ಬಿಟ್ ಮಿತಿ ಅಸೆಂಬ್ಲರ್‌ಗೆ ಗೊತ್ತು. ಆದರೆ ರಿಸ್ಕ್-ಫೈವ್‌ನ ಸಾಮಾನ್ಯ ಕರೆ ಒಪ್ಪಂದದಲ್ಲಿ (ಫಂಕ್ಷನ್‌ಗಳು ಒಂದನ್ನೊಂದು ಕರೆಯುವಾಗ ಪಾಲಿಸುವ ನಿಯಮದಲ್ಲಿ) ಸ್ಟ್ಯಾಕ್ 16ರ ಗುಣಕದಲ್ಲೇ ಇರಬೇಕು ಎಂಬುದು ಅಸೆಂಬ್ಲರ್‌ಗೆ ಗೊತ್ತಿಲ್ಲ, ಮ್ಯಾಕ್ರೊ ಬರೆದವರಿಗೆ ಗೊತ್ತು. ಆ ತಿಳಿವಳಿಕೆಯನ್ನು ಮ್ಯಾಕ್ರೊ ಒಳಗೇ ಇಡಲು ಒಂದು ಎರರ್ ಆಜ್ಞೆ, ಒಂದು ವಾರ್ನಿಂಗ್ ಆಜ್ಞೆ ಬೇಕು. ಗ್ನೂ ಅಸೆಂಬ್ಲರ್, ನ್ಯಾಸಮ್ ಎರಡರಲ್ಲೂ ಇವೆ. ನ್ಯಾಸಮ್‌ನಲ್ಲಿ ಅಲ್ಲೇ ನಿಲ್ಲಿಸಿಬಿಡುವ ಫೇಟಲ್ ಕೂಡ ಇದೆ. ಐಬಿಎಂ ಮೇನ್‌ಫ್ರೇಮ್‌ನ ಹೈ ಲೆವೆಲ್ ಅಸೆಂಬ್ಲರ್‌ನಲ್ಲಿ ಎಂನೋಟ್ ಎಂಬ ಆಜ್ಞೆ 0ಯಿಂದ 255ರ ತನಕ ತೀವ್ರತೆಯ ಅಂಕಿಯನ್ನೂ ತೆಗೆದುಕೊಳ್ಳುತ್ತದೆ, ಮತ್ತು ಆ ಅಂಕಿ ಇಡೀ ಅಸೆಂಬ್ಲಿಯ ಫಲಿತಾಂಶದ ಮೇಲೆ ಪರಿಣಾಮ ಬೀರುತ್ತದೆ.

```
1  .ಮ್ಯಾಕ್ರೊ ಜಾಗ_ಕೊಡು ಗಾತ್ರ
2  .ಇಫ್ (\ಗಾತ್ರ) > 2048
3      .ಎರರ್ "ಜಾಗ_ಕೊಡು: ಗಾತ್ರ 2048ಕ್ಕಿಂತ ಹೆಚ್ಚಿರಬಾರದು"
4      .ಎಕ್ಸಿಟ್‌ಎಂ
5  .ಎಂಡಿಫ್
6  .ಇಫ್ (\ಗಾತ್ರ) % 16
7      .ವಾರ್ನಿಂಗ್ "ಜಾಗ_ಕೊಡು: ಗಾತ್ರ 16ರ ಗುಣಕವಲ್ಲ"
8  .ಎಂಡಿಫ್
9      ಆಡ್‌ಐ ಎಸ್‌ಪಿ, ಎಸ್‌ಪಿ, -(\ಗಾತ್ರ)
10     ಎಸ್‌ಡಬ್ಲ್ಯು ಆರ್‌ಎ, \ಗಾತ್ರ-4(ಎಸ್‌ಪಿ)
11 .ಎಂಡ್‌ಎಂ
```

ಆರನೇ ಸಾಲಿನ ಆವರಣವನ್ನು ಮರೆತರೆ ‘16+16 % 16’ ಆಗಿ, ಶೇಷ ಮೊದಲು ಲೆಕ್ಕವಾಗಿ, 16 ಉತ್ತರ ಬಂದು, ಸರಿಯಾದ ಗಾತ್ರಕ್ಕೂ ವಾರ್ನಿಂಗ್ ಬರುತ್ತದೆ. ಹೆಜ್ಜೆ 3ರ ಪರೀಕ್ಷೆ ಇದನ್ನೂ ಹಿಡಿಯುತ್ತದೆ.

ಈ ಆಜ್ಞೆಗಳನ್ನು ಕಟ್ಟುವಾಗ ಮೂರು ಸಂಗತಿ. ಇವುಗಳ ತಲೆಸಾಲಿನಲ್ಲಿ ಯಾವಾಗಲೂ ಕರೆದ ಜಾಗ ಇರಲಿ, ‘.ಎರರ್’ ಬರೆದ ಸಾಲಿನಲ್ಲಿ ತಪ್ಪೇನೂ ಇಲ್ಲ, ಅದು ಕಾವಲುಗಾರ. ಮ್ಯಾಕ್ರೊವನ್ನು ಇನ್ನೊಂದು ಮ್ಯಾಕ್ರೊ ಕರೆದಿದ್ದರೆ ಸರಪಳಿಯ ಹೊರತುದಿಯನ್ನೂ ತೋರಿಸಿ. ಇನ್ನು, ನಿಮ್ಮ ಅಸೆಂಬ್ಲರ್ ಫೈಲನ್ನು ಹಲವು ಸಲ ಓದುವುದಾದರೆ ಒಂದು ಸಂದೇಶ ಒಂದೇ ಸಲ ಹೊರಬರಬೇಕು. ಲೇಬಲ್‌ಗಳ ಬೆಲೆ ಇನ್ನೂ ಗಟ್ಟಿಯಾಗದ ಸುತ್ತಿನಲ್ಲಿ ಬಂದ ವಾರ್ನಿಂಗ್‌ಗಳನ್ನು ಎತ್ತಿಟ್ಟು, ಕೊನೆಯ ಸುತ್ತಿನಲ್ಲೂ ಉಳಿದವನ್ನು ಮಾತ್ರ ಮುದ್ರಿಸಿ.

ಹೆಜ್ಜೆ 7: ಒಂದು ತಪ್ಪು ನೂರಾಗದಂತೆ ನೋಡಿಕೊಳ್ಳಿ

ಆರ್ಗ್ಯುಮೆಂಟ್ ಲೆಕ್ಕ ತಪ್ಪಿತು ಎಂದು ಇಡೀ ವಿಸ್ತರಣೆಯನ್ನೇ ಬಿಟ್ಟುಬಿಟ್ಟರೆ, ಆ ಮ್ಯಾಕ್ರೊ ಒಳಗೆ ಹುಟ್ಟಬೇಕಾಗಿದ್ದ ಲೇಬಲ್‌ಗಳು ಹುಟ್ಟುವುದಿಲ್ಲ. ಅವನ್ನು ಬಳಸಿದ ಪ್ರತಿ ಸಾಲಿಗೂ ‘ಲೇಬಲ್ ಇಲ್ಲ’ ಎಂಬ ಎರರ್. ಬಳಕೆದಾರರು ಮೊದಲನೆಯದನ್ನು ಬಿಟ್ಟು ಉಳಿದ ಮೂವತ್ತನ್ನು ತಿದ್ದಲು ಕೂರುತ್ತಾರೆ.

ನಾನು ಹೇಳುವ ದಾರಿ: ಬಾರದ ಆರ್ಗ್ಯುಮೆಂಟಿನ ಜಾಗಕ್ಕೆ ‘ಕೆಟ್ಟ ಟೋಕನ್’ ಒಂದನ್ನು ಹಾಕಿ ವಿಸ್ತರಿಸಿ. ಕೆಟ್ಟ ಟೋಕನ್ ತಾಗಿದ ಎಕ್ಸ್‌ಪ್ರೆಶನ್ ಕೆಟ್ಟದ್ದು, ಕೆಟ್ಟ ಬೆಲೆ ಸೇರಿದ ಇನ್‌ಸ್ಟ್ರಕ್ಷನ್ ಕೆಟ್ಟದ್ದು. ಇವು ಯಾವುದರ ಬಗ್ಗೆಯೂ ಹೊಸ ಎರರ್ ಕೊಡಬೇಡಿ, ಮೂಲ ತಪ್ಪನ್ನು ಈಗಾಗಲೇ ಹೇಳಿಯಾಗಿದೆ. ಲೇಬಲ್‌ಗಳು ಮಾತ್ರ ಹುಟ್ಟಲಿ. ಕೆಟ್ಟ ಇನ್‌ಸ್ಟ್ರಕ್ಷನ್ನಿಗೂ 4 ಬೈಟ್ ಲೆಕ್ಕ ಹಾಕಿ, ಮುಂದಿನ ವಿಳಾಸಗಳು ತೀರಾ ಜಾರದಿರಲಿ. ಎರರ್ ಬಂದ ಮೇಲೆ ಆಬ್ಜೆಕ್ಟ್ ಫೈಲನ್ನು (ಅಸೆಂಬ್ಲರ್ ಕೊಡುವ ಯಂತ್ರಭಾಷೆಯ ಫೈಲನ್ನು) ಮಾತ್ರ ಬರೆಯಬೇಡಿ. ಹಳೆಯದು ಅಲ್ಲೇ ಇದ್ದರೆ ಅಳಿಸಿ.

ಮೊದಲ ಉದಾಹರಣೆಯ 4096 ಎರಡು ಸಾಲಿನಲ್ಲಿ ಎರಡು ಎರರ್ ಕೊಟ್ಟಿತ್ತಲ್ಲ? ಎರಡರ ಮೂಲವೂ ಒಂದೇ ಆರ್ಗ್ಯುಮೆಂಟ್ ಟೋಕನ್. ಒಂದು ಕರೆಯ ಒಂದು ಆರ್ಗ್ಯುಮೆಂಟಿಗೆ ಒಂದು ಎರರ್ ಸಾಕು. ಎರಡನೆಯದನ್ನು ಮೊದಲನೆಯದರ ಕೆಳಗೆ ‘3ನೇ ಸಾಲಿನಲ್ಲೂ’ ಎಂದು ಸೇರಿಸಿ.

ವಾರ್ನಿಂಗ್‌ಗಳಲ್ಲಿ ಪ್ರವಾಹ ಇನ್ನೂ ಜೋರು. ಒಡಲಿನಲ್ಲಿ ಒಂದು ವಾರ್ನಿಂಗ್ ಇರುವ ಮ್ಯಾಕ್ರೊವನ್ನು 400 ಕಡೆ ಕರೆದರೆ 400 ಸಲ ಅದೇ ಮಾತು. ತಪ್ಪು ಒಡಲಿನದಾದರೆ ಒಡಲಿನ ಜಾಗವನ್ನೇ ಕೀಲಿಯಾಗಿಸಿ ಮೊದಲನೆಯದನ್ನು ಪೂರ್ತಿ ತೋರಿಸಿ, ಕೊನೆಗೆ ‘ಇದೇ ವಾರ್ನಿಂಗ್ ಇನ್ನೂ 399 ಕರೆಗಳಲ್ಲಿ’ ಎನ್ನಿ. ತಪ್ಪು ಆರ್ಗ್ಯುಮೆಂಟಿನದಾದರೆ ಪ್ರತಿ ಕರೆಯೂ ಬೇರೆ, ಎಲ್ಲವನ್ನೂ ತೋರಿಸಿ. ಲೆಕ್ಕ ಹೇಳದೆ ನುಂಗಿಹಾಕುವುದು ಮಾತ್ರ ಸಲ್ಲದು.

ಹೆಜ್ಜೆ 8: ತನ್ನನ್ನೇ ಕರೆದುಕೊಳ್ಳುವ ಮ್ಯಾಕ್ರೊಗೆ ಕಡಿವಾಣ

ಆಳದ ಮಿತಿ ಎಲ್ಲರೂ ಇಡುತ್ತಾರೆ. ಎಲ್‌ಎಲ್‌ವಿಎಂನಲ್ಲಿ ಅದು 20, ಗೇಮ್ ಬಾಯ್‌ಗೆ ಬರೆಯುವವರು ಬಳಸುವ ಆರ್‌ಜಿಬಿಡಿಎಸ್‌ನಲ್ಲಿ 64, ಗ್ನೂ ಅಸೆಂಬ್ಲರ್‌ನಲ್ಲಿ 100. ಮಿತಿ ಎಷ್ಟೇ ಇರಲಿ, ಬದಲಾಯಿಸುವ ಆಯ್ಕೆ ಕೊಡಿ, ಮತ್ತು ಮಿತಿ ದಾಟಿದಾಗ 100 ಮೆಟ್ಟಿಲನ್ನೂ ಮುದ್ರಿಸಬೇಡಿ. ಸಿ ಭಾಷೆಯ ಮ್ಯಾಕ್ರೊಗಳಿಗೆ ಕ್ಲ್ಯಾಂಗ್ ಕಂಪೈಲರ್ ಸಾಮಾನ್ಯವಾಗಿ 6 ಮೆಟ್ಟಿಲು ತೋರಿಸಿ, ನಡುವಿನವನ್ನು ಎಷ್ಟು ಬಿಟ್ಟಿದ್ದೇನೆ ಎಂದು ಹೇಳುತ್ತದೆ. ತುದಿ ಮೊದಲುಗಳು ಮುಖ್ಯ, ನಡುವಿನವು ಹೆಚ್ಚಾಗಿ ಅದೇ ಪುನರಾವರ್ತನೆ.

ಆಳದ ಮಿತಿಯೊಂದೇ ಸಾಲದು. ತನ್ನನ್ನು ಎರಡೆರಡು ಸಲ ಕರೆದುಕೊಳ್ಳುವ ಮ್ಯಾಕ್ರೊ 20 ಆಳದಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ವಿಸ್ತರಣೆ ಮಾಡಿಸುತ್ತದೆ. ಒಟ್ಟು ವಿಸ್ತರಣೆಗೂ ಒಂದು ಮಿತಿ ಇಡಿ. ಐಬಿಎಂ ಅಸೆಂಬ್ಲರ್ ಇದರಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು: ಷರತ್ತಿನ ಜಿಗಿತಗಳನ್ನು ಎಣಿಸುವ ಎಸಿಟಿಆರ್ ಎಂಬ ಲೆಕ್ಕ 4096ರಿಂದ ಶುರುವಾಗುತ್ತದೆ, ಷರತ್ತಿನ ಆಜ್ಞೆಗಳಲ್ಲಿ ಗಂಭೀರ ತಪ್ಪು ಕಂಡಾಗ ಉಳಿದ ಲೆಕ್ಕ ಅರ್ಧಕ್ಕೆ ಇಳಿಯುತ್ತದೆ. ತಪ್ಪುತ್ತಿರುವ ಮ್ಯಾಕ್ರೊ ಬೇಗ ನಿಲ್ಲುತ್ತದೆ, ಸರಿ ಇರುವುದಕ್ಕೆ ಪೂರ್ತಿ ಅವಕಾಶ ಸಿಗುತ್ತದೆ. ಮಿತಿ ದಾಟಿದ ಎರರ್ ಮಾತ್ರ ಫೇಟಲ್, ಅಲ್ಲಿಗೆ ನಿಲ್ಲಿಸಿ.

ಹೆಜ್ಜೆ 9: ವಾರ್ನಿಂಗ್ ನಿಲ್ಲಿಸುವ ಹಕ್ಕು, ಅದರ ಗಡಿ

ಪ್ರತಿ ವಾರ್ನಿಂಗ್‌ಗೂ ಹೆಸರಿರಲಿ, ಹೆಸರಿನಿಂದ ನಿಲ್ಲಿಸಲು, ಎರರ್ ಮಟ್ಟಕ್ಕೆ ಏರಿಸಲು ಬರಲಿ. ಮ್ಯಾಕ್ರೊ ಒಳಗೆ ತಾತ್ಕಾಲಿಕವಾಗಿ ನಿಲ್ಲಿಸಿ ಮತ್ತೆ ಮೊದಲಿನ ಸ್ಥಿತಿಗೆ ತರುವ ಜೋಡಿ ಆಜ್ಞೆ ಬೇಕು. ಮ್ಯಾಕ್ರೊ ವಾರ್ನಿಂಗ್ ನಿಲ್ಲಿಸಿ, ಮತ್ತೆ ತರಲು ಮರೆತರೆ ಅದನ್ನು ಕರೆದವರ ಫೈಲಿನಲ್ಲಿ ಅಲ್ಲಿಂದ ಮುಂದೆ ಎಲ್ಲ ಎಚ್ಚರಿಕೆಗಳೂ ಮೌನ. ಆದ್ದರಿಂದ ವಿಸ್ತರಣೆ ಮುಗಿದ ಕೂಡಲೇ ಅಸೆಂಬ್ಲರ್ ತಾನೇ ಹಳೆಯ ಸ್ಥಿತಿಗೆ ತರಲಿ.

ಹೊರಗಿನಿಂದ ತಂದ ಮ್ಯಾಕ್ರೊ ಸಂಗ್ರಹದ ವಾರ್ನಿಂಗ್‌ಗಳನ್ನು ಮುಚ್ಚುವ ಆಯ್ಕೆ ಕೊಡುವುದಾದರೆ ಒಂದು ಷರತ್ತು: ಒಡಲಿನ ಟೋಕನ್‌ಗಳದ್ದು ಮಾತ್ರ ಮುಚ್ಚಲಿ. ಆರ್ಗ್ಯುಮೆಂಟ್ ಟೋಕನ್ ನನ್ನ ಫೈಲಿನದು. ಅದರ ತಪ್ಪು ಯಾರ ಮ್ಯಾಕ್ರೊ ಒಳಗೆ ಕಂಡರೂ ನನಗೆ ಗೊತ್ತಾಗಬೇಕು.

ಹೆಜ್ಜೆ 10: ಸಂದೇಶಗಳಿಗೂ ಟೆಸ್ಟ್ ಬರೆಯಿರಿ

ಇನ್‌ಸ್ಟ್ರಕ್ಷನ್ ಎನ್ಕೋಡಿಂಗ್‌ಗೆ ಸಾವಿರ ಟೆಸ್ಟ್ ಇರುವ ಪ್ರಾಜೆಕ್ಟುಗಳಲ್ಲೂ ಎರರ್‌ಗಳಿಗೆ ಟೆಸ್ಟ್ ಇರುವುದಿಲ್ಲ. ಪ್ರತಿ ಸಂದೇಶಕ್ಕೂ ಅದನ್ನು ಹುಟ್ಟಿಸುವ ಚಿಕ್ಕ ಫೈಲು, ಪಕ್ಕದಲ್ಲಿ ಬರಬೇಕಾದ ಸಂದೇಶದ ಪೂರ್ಣ ಪಠ್ಯ. ಪಠ್ಯ ಒಂದಕ್ಷರ ಬದಲಾದರೂ ಟೆಸ್ಟ್ ಬೀಳಲಿ. ಬದಲಾವಣೆ ಬೇಕೆಂದೇ ಆಗಿದ್ದರೆ ಪಕ್ಕದ ಫೈಲನ್ನು ತಿದ್ದುವುದು ಒಂದು ನಿಮಿಷದ ಕೆಲಸ.

ಮೊದಲ ದಿನವೇ ಬರೆಯಬೇಕಾದವು ಕೆಲವಿವೆ. ಮೂರು ಮ್ಯಾಕ್ರೊ ಒಂದರೊಳಗೊಂದು, ತಪ್ಪು ಅತ್ಯಂತ ಒಳಗಿನದರಲ್ಲಿ. ಅದೇ ಸರಪಳಿಯಲ್ಲಿ ಹೊರಗಿನಿಂದ ಕೊಟ್ಟ ಆರ್ಗ್ಯುಮೆಂಟ್ ಮೂರು ಕೈ ದಾಟಿ ತಪ್ಪಾಗುವುದು. ಇಲ್ಲಿ ತಲೆಸಾಲಿನಲ್ಲಿ ಅತಿ ಹೊರಗಿನ ಫೈಲು ಬರಬೇಕು, ನಡುವಿನ ಮ್ಯಾಕ್ರೊಗಳದ್ದಲ್ಲ. ಒಂದು ಮ್ಯಾಕ್ರೊ ಇನ್ನೊಂದು ಮ್ಯಾಕ್ರೊವನ್ನು ಬರೆಯುವುದು, ಆ ಹೊಸದನ್ನು ಕರೆದಾಗ ತಪ್ಪುವುದು. ಪುನರಾವರ್ತನೆಯ ಆಜ್ಞೆಯ 200ನೇ ಸುತ್ತಿನಲ್ಲಿ ಮಾತ್ರ ಮಿತಿ ದಾಟುವುದು. ಸಂದೇಶದಲ್ಲಿ 200 ಎಂಬ ಸುತ್ತಿನ ಸಂಖ್ಯೆ ಇರಲೇಬೇಕು. ಮ್ಯಾಕ್ರೊ ಒಳಗಿನ ಬ್ರಾಂಚ್ 4 ಕಿಲೋಬೈಟ್‌ಗಿಂತ ದೂರದ ಲೇಬಲ್‌ಗೆ ಹಾರುವುದು.

ಟೆಸ್ಟ್ ಫೋಲ್ಡರ್‌ನ ಮೊದಲ ಫೈಲಾಗಿ ‘ಜಾಗ_ಕೊಡು’ವಿನ ಹಳೆಯ ನಾಲ್ಕು ಸಾಲಿನ ರೂಪವನ್ನೇ ಇಡಿ, ಕೆಳಗೆ ಎರಡು ಕರೆ: ಒಂದು 4096, ಇನ್ನೊಂದು 16+16. ಮೊದಲ ಕರೆಗೆ ಒಂದು ಎರರ್, ಎರಡನೆಯದಕ್ಕೆ ಒಂದು ವಾರ್ನಿಂಗ್, ಆಬ್ಜೆಕ್ಟ್ ಫೈಲು ಇಲ್ಲ. ಬರಬೇಕಾದದ್ದು ಅಷ್ಟೇ.